ಸೋಮನಿಗೆ ಸಿಕ್ಕ ಅರಮನೆ

1897ರಲ್ಲಿ ಮೈಸೂರಿನ ಅರಮನೆಯಲ್ಲಿ ಒಂದು ಮದುವೆ. ಮದುಮಗಳು ಜಯಲಕ್ಷ್ಮಮ್ಮಣ್ಣಿ. ಎರಡು ವರ್ಷದ ಹಿಂದೆಯಷ್ಟೇ ಕಲ್ಕತ್ತದಲ್ಲಿ ತೀರಿಕೊಂಡಿದ್ದ ಚಾಮರಾಜ ಒಡೆಯರ ಹಿರಿಯ ಮಗಳು. ಮದುಮಗ ಎಂ. ಕಾಂತರಾಜ ಅರಸು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ತಮ್ಮ, ಅಂದರೆ ಹುಡುಗಿಗೆ ಸೋದರಮಾವ. ನಮ್ಮ ಕಡೆ ಇದು ಹೊಸದೇನಲ್ಲ. ಆ ಮದುವೆಯ ಗಡಿಬಿಡಿಯ ನಡುವೆ ಅರಮನೆಗೆ ಬೆಂಕಿ ಹತ್ತಿಕೊಂಡಿತು. ಹೆಚ್ಚಿನ ಭಾಗ ಮರದ್ದು. ಉರಿದುಹೋಯಿತು.

ಮುಂದಿನ ಕತೆ ಎಲ್ಲರಿಗೂ ಗೊತ್ತು. ಹೆನ್ರಿ ಇರ್ವಿನ್ ಬಂದರು, ಹೊಸ ಅರಮನೆಯ ನಕ್ಷೆ ಬರೆದರು. 1912ರ ಹೊತ್ತಿಗೆ 41 ಲಕ್ಷಕ್ಕೂ ಜಾಸ್ತಿ ಖರ್ಚಾಗಿ ಈಗ ನಾವು ದಸರಾ ದೀಪದಲ್ಲಿ ನೋಡುವ ಅರಮನೆ ಎದ್ದು ನಿಂತಿತು. ಗೈಡುಗಳು ಬೆಂಕಿಯ ಕತೆಯನ್ನು ಚೆನ್ನಾಗಿ ಹೇಳುತ್ತಾರೆ. ಮದುವೆ ಯಾರದ್ದು ಅನ್ನುವುದು ಆ ಕತೆಯಲ್ಲಿ ಒಂದು ಸಾಲು. ಮದುವೆಯಾದ ಹುಡುಗಿ ಆಮೇಲೆ ಎಲ್ಲಿ ಬಾಳಿದಳು ಅನ್ನುವುದಕ್ಕೆ ಆ ಒಂದು ಸಾಲೂ ಇಲ್ಲ.

ಆಕೆಯ ಮನೆ ಇರುವುದು ಊರಿನ ಪಶ್ಚಿಮಕ್ಕೆ, ಕುಕ್ಕರಹಳ್ಳಿ ಕೆರೆಯ ಆಚೆ ದಿಬ್ಬದ ಮೇಲೆ. ಹೆಸರು ಜಯಲಕ್ಷ್ಮಿ ವಿಲಾಸ. ಇಂದು ಅದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದ ಒಳಗಿದೆ. ಎಂ.ಎ. ಓದುವ ಹುಡುಗ ಹುಡುಗಿಯರು ಅದರ ಪಕ್ಕದಲ್ಲೇ ಸೈಕಲ್ಲು, ಬೈಕು ಹೊಡೆದುಕೊಂಡು ಕ್ಲಾಸಿಗೆ ಹೋಗುತ್ತಾರೆ. ಮೈಸೂರು ವಿಶ್ವವಿದ್ಯಾಲಯ ಅಂದರೆ ಫೋಟೋದಲ್ಲಿ ಬರುವುದು ಕ್ರಾಫರ್ಡ್ ಹಾಲ್, ಕೆರೆಯ ಈಚೆ ದಡದ ಆಡಳಿತ ಕಚೇರಿ. ಅದು ಚಂದದ ಕಟ್ಟಡವೇ, ಇಲ್ಲ ಅನ್ನಲ್ಲ. ಆದರೆ ನನ್ನ ಓಟು ಆಚೆ ದಡಕ್ಕೆ. ಕ್ರಾಫರ್ಡ್ ಹಾಲ್ ಮೊದಲಿಂದ ಕಚೇರಿಯ ಗತ್ತಿನಲ್ಲೇ ಇದೆ. ಜಯಲಕ್ಷ್ಮಿ ವಿಲಾಸ ಅರಮನೆಯಾಗಿ ಹುಟ್ಟಿ, ಜಾನಪದ ವಸ್ತುಸಂಗ್ರಹಾಲಯವಾಗಿ ಇನ್ನೊಂದು ಕೆಲಸ ಮಾಡುತ್ತಿದೆ. ಆ ಎರಡನೇ ಕೆಲಸವೇ ಅದರ ದೊಡ್ಡ ಕತೆ ಅನ್ನುವುದು ನನ್ನ ವಾದ.

ಕಟ್ಟಡ ಆಗಿದ್ದು 1905ರಲ್ಲಿ. ಖರ್ಚು ಸುಮಾರು 7 ಲಕ್ಷ ರೂಪಾಯಿ. ಆ ಕಾಲದ 7 ಲಕ್ಷ. ಆಗ ಪಟ್ಟದಲ್ಲಿದ್ದವರು ಹುಡುಗಿಯ ತಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಜಾಗ ಆರಿಸಿದವರ ಕಣ್ಣನ್ನು ಮೆಚ್ಚಬೇಕು. ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದರು. ಊರಾಚೆಯ ಹೊಲಗದ್ದೆಗೆ ನೀರು ಹೋಗಲಿ ಅಂತ. ನಲವತ್ತು ವರ್ಷದಲ್ಲಿ ಕೆರೆ ಚೆನ್ನಾಗಿ ನೆಲೆ ನಿಂತಿತ್ತು. ಅದರ ಮೇಲಿನ ದಿಬ್ಬದಲ್ಲಿ ಮನೆ ಕಟ್ಟಿದರೆ ಎದುರಿಗೆ ನೀರು, ನೀರಿನಾಚೆ ಊರು, ಊರಿನ ಹಿಂದೆ ಚಾಮುಂಡಿ ಬೆಟ್ಟ. ಊರಿನ ಗಲಾಟೆ ತಟ್ಟುವುದಿಲ್ಲ. ಊರು ಕಣ್ಣಿಗೂ ಬಿಟ್ಟುಹೋಗುವುದಿಲ್ಲ.

ಒಬ್ಬಳಿಗಷ್ಟೇ ಅಲ್ಲ, ತಂಗಿ ಚೆಲುವಜಮ್ಮಣ್ಣಿಗೂ ಇಂಥದೇ ಒಂದು ಮನೆ ಆಯಿತು. ಊರಿನ ಉತ್ತರಕ್ಕೆ, ಚೆಲುವಾಂಬ ವಿಲಾಸ. 1950ರಿಂದ ಅಲ್ಲಿ ಆಹಾರ ಸಂಶೋಧನೆಯ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಎಮ್ಮೆ ಹಾಲಿನಿಂದ ಮಗುವಿನ ಹಾಲಿನ ಪುಡಿ ಮಾಡುವ ವಿಧಾನ ಹುಟ್ಟಿದ್ದು ಆ ಸಂಸ್ಥೆಯಲ್ಲಿ. ಇನ್ನೊಬ್ಬ ತಂಗಿ ಕೃಷ್ಣಾಜಮ್ಮಣ್ಣಿಯದು ಸಂಕಟದ ಕತೆ. ಆಕೆ, ಆಕೆಯ ಹೆಣ್ಣುಮಕ್ಕಳು ಕ್ಷಯಕ್ಕೆ ಬಲಿಯಾದರು. ಪಿಕೆಟಿಬಿ ಸ್ಯಾನಟೋರಿಯಂ ಅಂತ ಇಂದಿಗೂ ಕರೆಯುವ ಆಸ್ಪತ್ರೆಯ ಹೆಸರಿನಲ್ಲಿರುವ ಪಿ ಮತ್ತು ಕೆ, ಅಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ, ಆಕೆಯದ್ದೇ. ಮೂವರು ಅಕ್ಕತಂಗಿಯರ ಹೆಸರು ಸೇರಿದ್ದು ಒಂದು ವಿಶ್ವವಿದ್ಯಾಲಯಕ್ಕೆ, ಒಂದು ಪ್ರಯೋಗಾಲಯಕ್ಕೆ, ಒಂದು ಆಸ್ಪತ್ರೆಗೆ. ಮೈಸೂರನ್ನು ಬರೀ ಅರಮನೆಗಳ ಊರು ಅಂತ ಪೋಸ್ಟರಿನಲ್ಲಿ ಹಾಕುವವರು ಇದನ್ನೂ ಒಂಚೂರು ನೋಡಬೇಕು.

ಈಗ ಕಟ್ಟಡಕ್ಕೆ ಬರೋಣ. ಮುಂದೆ ನಿಂತು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಜೋಡಿ ಕಂಬಗಳು. ಒಂದೊಂದೇ ನಿಂತಿಲ್ಲ, ಎರಡೆರಡು. ಕೆಲವಕ್ಕೆ ತಲೆಯ ಹತ್ತಿರ ಎಲೆಗಳ ಗೊಂಚಲು, ಕೆಲವಕ್ಕೆ ಎರಡು ಕಡೆ ಸುರುಳಿ. ಎಲೆಯದಕ್ಕೆ ಕೊರಿಂಥಿಯನ್ ಅಂತಾರೆ, ಸುರುಳಿಯದಕ್ಕೆ ಅಯೋನಿಕ್. ಎರಡೂ ಗ್ರೀಸಿನಿಂದ ಹೊರಟು, ರೋಮ್ ಸುತ್ತಿ, ಇಂಗ್ಲೆಂಡಿನ ಪುಸ್ತಕಗಳ ಮೂಲಕ ಇಲ್ಲಿಗೆ ಬಂದವು. ಕಂಬಗಳ ಮೇಲೆ ತ್ರಿಕೋನದ ಮುಂಬದಿ. ಗೋಡೆಯಲ್ಲಿ ಮೊಟ್ಟೆಯಾಕಾರದ ಗವಾಕ್ಷಿಗಳು. ಇಷ್ಟನ್ನೇ ನೋಡಿದರೆ ಯುರೋಪಿನ ಯಾವುದೋ ಜಮೀನ್ದಾರನ ಬಂಗಲೆ ಅನ್ನಬೇಕು. ಆದರೆ ಇನ್ನೊಂದು ಕಡೆ ಹೋದರೆ ಗಜಲಕ್ಷ್ಮಿ ಕೂತಿದ್ದಾಳೆ, ಆನೆ, ಸಿಂಹಗಳ ಸಮೇತ.

ಇಂಥ ಬೆರಕೆಯನ್ನು ಕಂಡರೆ ಮೂಗು ಮುರಿಯುವವರು ಇದ್ದಾರೆ. ಸಾಹೇಬರನ್ನು ಮೆಚ್ಚಿಸಲು ಕಟ್ಟಿದ್ದು, ನಮ್ಮದಲ್ಲದ್ದು, ಹೊಯ್ಸಳರ ನಾಡಿನಲ್ಲಿ ಇದೆಲ್ಲ ಯಾಕೆ ಅಂತ. ನನಗೆ ಆ ತಕರಾರು ಅರ್ಧ ಸರಿ ಅನ್ನಿಸುತ್ತದೆ. ಗ್ರೀಕ್ ಕಂಬ ಆ ಕಾಲದಲ್ಲಿ ಅಧಿಕಾರದ ಗುರುತಾಗಿತ್ತು ಅನ್ನುವುದು ನಿಜ. ಬ್ರಿಟಿಷ್ ರೆಸಿಡೆಂಟನ ಬಂಗಲೆಗೂ ಅದೇ, ಕೋರ್ಟಿಗೂ ಅದೇ. ಆದರೆ ಆ ಕಂಬದ ಎಲೆಗಳನ್ನು ಗಾರೆಯಲ್ಲಿ ತಿದ್ದಿದ ಕೈಗಳನ್ನು ಯೋಚಿಸಿ. ದೇವಸ್ಥಾನದ ಗೋಪುರದ ಮೇಲೆ ಬೊಂಬೆ ಮಾಡುವವರ ಗಾರೆ ಕೆಲಸ ಈ ಸೀಮೆಯಲ್ಲಿ ಹಳೆಯದು. ಪುಸ್ತಕದ ಎಲೆಯನ್ನು ನೋಡಿಕೊಂಡು ಕೆಲಸ ಶುರು ಮಾಡಿದರೂ, ಕೈ ತನಗೆ ಗೊತ್ತಿರುವ ಕಡೆಗೇ ಹರಿಯುತ್ತದೆ.

ಹೊರಗಿನ ಕಂಬಗಳಿಗಿಂತ ನನಗೆ ಇಷ್ಟವಾಗುವುದು ಒಳಗಿನ ಲೆಕ್ಕಾಚಾರ. ಲೆಕ್ಕ ಅಂದೆ ಅಂತ ಅಂಕಿ ಹೇಳಿಬಿಡುತ್ತೇನೆ: 125 ಮುಖ್ಯ ಕೋಣೆ, 300 ಕಿಟಕಿ, 287 ಕೆತ್ತನೆಯ ಬಾಗಿಲು, ಆರು ಎಕರೆಯಷ್ಟು ಹರವು. ಈ ಮನೆಯ ಬಗ್ಗೆ ಯಾರು ಮಾತಾಡಿದರೂ ಈ ಅಂಕಿಗಳು ಬರುತ್ತವೆ. ಕೇಳಿ ಬೆರಗಾಗಿ ಮುಂದೆ ಹೋಗುತ್ತೇವೆ. ಆದರೆ 125 ಕೋಣೆಯನ್ನು ಹೇಗೆ ಜೋಡಿಸಿದರು ಅನ್ನುವುದು ಮುಖ್ಯ. ಕಟ್ಟಡ ಮೂರು ಭಾಗ. ಒಂದು ಕಡೆ ಮನೆಯವರು ಇರುವ ಖಾಸಗಿ ಭಾಗ. ಇನ್ನೊಂದು ಕಡೆ ಬಂದವರನ್ನು ಕಾಣುವ, ದರ್ಬಾರು, ಸಭೆ, ಕುಣಿತ ನಡೆಯುವ ಭಾಗ. ನಡುವೆ ಕಲ್ಯಾಣ ಮಂಟಪ. ಆ ಭಾಗಕ್ಕೂ ಈ ಭಾಗಕ್ಕೂ ಒಂದು ಸೇತುವೆ. ಹೆಂಗಸರು ಹೊರಗಿನವರ ಕಣ್ಣಿಗೆ ಬೀಳದೆ ಓಡಾಡಬೇಕು, ಆದರೆ ಮನೆಯಲ್ಲಿ ನಡೆಯುವುದೆಲ್ಲ ಅವರಿಗೆ ಗೊತ್ತಾಗಬೇಕು. ಅರಸು ಮನೆತನದ ಬದುಕಿನ ರೀತಿ ನೀತಿ ಎಲ್ಲ ಈ ನಕ್ಷೆಯಲ್ಲೇ ಇದೆ. ಕಂಬ ಯುರೋಪಿನದು, ಮನೆ ಮಾತ್ರ ಅಪ್ಪಟ ಮೈಸೂರಿನದು.

ಕಲ್ಯಾಣ ಮಂಟಪದಲ್ಲಿ ನಿಂತರೆ ತಲೆ ತಾನಾಗಿ ಮೇಲೆ ಹೋಗುತ್ತದೆ. ಮೇಲೆ ಗುಮ್ಮಟ, ಹೂವಿನ ಚಿತ್ತಾರದ ಬಣ್ಣದ ಗಾಜು, ಸುತ್ತ ಮರದ ಕೆತ್ತನೆ. ಕೆಳಗೆ ಹೊಳಪು ಬಿಲ್ಲೆಗಳ ನೆಲ. ಹೊರಗಿನ ಬಿಸಿಲು ಗಾಜಿನಲ್ಲಿ ಸೋಸಿ ಬಣ್ಣವಾಗಿ ಬೀಳುತ್ತದೆ. ಬಿಸಿಲಿಲ್ಲದ ಆಷಾಢದ ದಿನ ಹೋದರೆ ಅದೇ ಗಾಜು ಮಂಕಾಗಿ, ಏನೂ ಅಲ್ಲದ ಹಾಗೆ ಇರುತ್ತದೆ. ಬಣ್ಣದ ಗಾಜಿನ ಗುಣವೇ ಅದು. ಬೆಳಕು ಹಿಂದಿನಿಂದ ಬರಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಮನೆಯ ಯಜಮಾನ ಕಾಂತರಾಜ ಅರಸರ ಬಗ್ಗೆಯೂ ಎರಡು ಮಾತು. ಮೈಸೂರಿನವರಿಗೆ ಅವರು ಒಂದು ರಸ್ತೆಯ ಹೆಸರು ಅಷ್ಟೆ. 1919ರಿಂದ 1922ರವರೆಗೆ ಅವರು ಮೈಸೂರಿನ ದಿವಾನರು. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ವಿಶ್ವೇಶ್ವರಯ್ಯ. ಅಂಥವರ ನಂತರ ಬಂದವರನ್ನು ಚರಿತ್ರೆ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಒಂದು ದೊಡ್ಡ ಕೆಲಸ ಅವರ ಕಾಲದಲ್ಲಿ ಆಯಿತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಜಾಗ ಸಿಗುತ್ತಿಲ್ಲ ಅಂತ ಆಗ ಮೈಸೂರಿನಲ್ಲಿ ದೊಡ್ಡ ಕೂಗು ಎದ್ದಿತ್ತು. ನಾಲ್ವಡಿಯವರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ, ಅವರು ದಿವಾನಗಿರಿ ಬಿಟ್ಟರು. ಮಿಲ್ಲರ್ ವರದಿಯ ಮೇಲೆ ಸರ್ಕಾರದ ಆದೇಶ ಬಂದದ್ದು 1921ರಲ್ಲಿ, ಕಾಂತರಾಜ ಅರಸರು ದಿವಾನರಾಗಿದ್ದಾಗ. ಹಿಂದುಳಿದವರಿಗೆ ನೌಕರಿಯಲ್ಲಿ, ಓದಿನಲ್ಲಿ ಪಾಲು ಅನ್ನುವ ವಿಚಾರ ಕರ್ನಾಟಕದಲ್ಲಿ ಮೊದಲು ಬೇರುಬಿಟ್ಟ ಹೊತ್ತು ಅದು.

ಹಾಗಂತ ಅರಮನೆಯ ಗೋಡೆಗೆ ಸಮಾನತೆಯ ಬಣ್ಣ ಬಳಿಯಲು ನಾನು ಹೊರಟಿಲ್ಲ. ಅದು ಭಾರೀ ಸಿರಿವಂತರ ಮನೆ. 7 ಲಕ್ಷ ಎಲ್ಲಿಂದ ಬಂತು ಅಂದರೆ ಕೊನೆಗೆ ರೈತನ ಕಂದಾಯದಿಂದಲೇ. ಆದರೂ ಹಳ್ಳಿಯ ಮಕ್ಕಳು ಓದಿ ಮೇಲೆ ಬರಲು ಬಾಗಿಲು ತೆರೆದ ಆದೇಶ, ಈ ಮನೆಯ ಯಜಮಾನರ ಆಡಳಿತದಲ್ಲಿ ಬಂತು. ಮುಂದೆ ಅಂಥ ಹಳ್ಳಿಯ ಮಕ್ಕಳೇ ವಿಶ್ವವಿದ್ಯಾಲಯದವರಾಗಿ ಈ ಮನೆಗೆ ಬಂದರು. ಯಾರೂ ಹೀಗೆ ಆಗಲಿ ಅಂತ ಯೋಜನೆ ಹಾಕಿರಲಿಲ್ಲ.

ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ಒಂದು ದೇಶೀ ಸಂಸ್ಥಾನದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ. ಎಚ್.ವಿ. ನಂಜುಂಡಯ್ಯ ಮೊದಲ ಉಪಕುಲಪತಿ. ಆದರೆ ಅದಕ್ಕೆ ತನ್ನದು ಅಂತ ಒಂದು ದೊಡ್ಡ ಆವರಣ ಇರಲಿಲ್ಲ. ಮೈಸೂರಿನಲ್ಲಿ ಮಹಾರಾಜ ಕಾಲೇಜು, ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು. ಹೀಗೆ ಎರಡು ಊರಲ್ಲಿ ಎರಡು ಕಾಲು. ವಿಜ್ಞಾನದ ದೊಡ್ಡ ಓದು ಅಂದರೆ ಬೆಂಗಳೂರಿಗೇ ಹೋಗಬೇಕಿತ್ತು. ಈ ಅರೆಕೊರೆ ಸ್ಥಿತಿ ನಲವತ್ತು ವರ್ಷ ನಡೆಯಿತು.

1956ರಲ್ಲಿ ಕುವೆಂಪು ಉಪಕುಲಪತಿಯಾದರು. ಇದೇ ವಿಶ್ವವಿದ್ಯಾಲಯದಲ್ಲಿ ಓದಿ ಇದರ ಉಪಕುಲಪತಿಯಾದ ಮೊದಲಿಗರು ಅವರು. ಕವಿ ಆಡಳಿತಕ್ಕೆ ಬಂದರೆ ಫೈಲು ಮೂಲೆ ಸೇರುತ್ತದೆ ಅಂತ ಗೊಣಗಿದವರು ಆಗ ಇದ್ದೇ ಇರಬೇಕು. ಆಗಿದ್ದು ಬೇರೆ. ಸ್ನಾತಕೋತ್ತರ ಓದಿಗೆ ಮೈಸೂರಿನಲ್ಲೇ ಒಂದು ಆವರಣ ಬೇಕು ಅಂತ ಅವರು ಹಿಡಿದ ಹಟ ಬಿಡಲಿಲ್ಲ. ಕುಕ್ಕರಹಳ್ಳಿ ಕೆರೆ ಅವರಿಗೆ ಹೊಸದಲ್ಲ. ಅದರ ಏರಿಯ ಮೇಲೆ ಅವರ ಸಂಜೆಯ ತಿರುಗಾಟ, ಆ ಕೆರೆಯ ಮೇಲೆ ಅವರ ಕವಿತೆ. ಹಾಗಾಗಿ ಆಚೆ ದಡದ ದಿಬ್ಬದ ಮೇಲಿನ ಅರಮನೆ ಎಷ್ಟೋ ವರ್ಷದಿಂದ ಅವರ ಕಣ್ಣಳತೆಯಲ್ಲೇ ಇತ್ತು. 1959ರಲ್ಲಿ ಜಯಲಕ್ಷ್ಮಿ ವಿಲಾಸ ವಿಶ್ವವಿದ್ಯಾಲಯದ್ದಾಯಿತು. 10 ಲಕ್ಷ ರೂಪಾಯಿಯ ಬಾಬತ್ತು. ಮರುವರ್ಷ, 1960ರಲ್ಲಿ ಮಾನಸಗಂಗೋತ್ರಿ. ಹೆಸರಿಟ್ಟವರೂ ಅವರೇ.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯಿತು, ಸೆಂಟ್ರಲ್ ಕಾಲೇಜು ಅದರ ಜೊತೆ ಹೋಯಿತು. ಅಷ್ಟರಲ್ಲಿ ಮಾನಸಗಂಗೋತ್ರಿ ನಿಂತಿರದಿದ್ದರೆ ಮೈಸೂರಿನ ಪಾಡು ಏನಾಗುತ್ತಿತ್ತು ಅಂತ ಯೋಚಿಸಿದರೆ ಆ ವ್ಯವಹಾರ ತುಂಬ ಅಗ್ಗದ್ದು ಅನ್ನಿಸುತ್ತದೆ.

ಇಲ್ಲಿ ಒಂದು ಸಣ್ಣ ಅಡ್ಡಮಾತು. ಮೈಸೂರು ಅರಮನೆ ಕಟ್ಟಿದ ಇರ್ವಿನ್ ಅದಕ್ಕೂ ಮೊದಲು ಸಿಮ್ಲಾದಲ್ಲಿ ವೈಸರಾಯ್‌ಗೆ ಒಂದು ಮಹಲು ಕಟ್ಟಿದ್ದರು. ಅದು 1965ರಿಂದ ಉನ್ನತ ಅಧ್ಯಯನ ಸಂಸ್ಥೆ. ಅದನ್ನು ಸಂಶೋಧಕರ ಕೈಗೆ ಒಪ್ಪಿಸಿದ ರಾಷ್ಟ್ರಪತಿ ರಾಧಾಕೃಷ್ಣನ್, ನಮ್ಮ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು. ಆ ಹತ್ತು ವರ್ಷಗಳಲ್ಲಿ ದೇಶದಲ್ಲಿ ಎಷ್ಟೋ ಅರಮನೆಗಳು ಕೈ ಬದಲಾಯಿಸಿದವು. ಕೆಲವು ಹೋಟೆಲಾದವು, ಕೆಲವು ಹಾಳುಬಿದ್ದವು, ಕೆಲವಕ್ಕೆ ಪುಸ್ತಕಗಳು ಬಂದವು.

ಜಯಲಕ್ಷ್ಮಿ ವಿಲಾಸಕ್ಕೆ ಬಂದದ್ದು ಪುಸ್ತಕಗಳಿಗಿಂತ ವಿಚಿತ್ರ ವಸ್ತುಗಳು. 1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು. ಆ ಹೊತ್ತಿಗೆ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿ ಎರಡು ವರ್ಷವಾಗಿತ್ತು, ಅದರ ನಿರ್ದೇಶಕ ದೇಜಗೌ ಅವರ ಉತ್ಸಾಹ ಜೋರಾಗಿತ್ತು. ಹಾಡು, ಗಾದೆ, ಒಗಟು ಬರೆದುಕೊಂಡು ಬರುವುದು ಆಗಲೇ ನಡೆದಿತ್ತು. ಆದರೆ ವಸ್ತುಗಳನ್ನು ಹೊತ್ತು ತರುವುದು ಬೇರೆಯದೇ ಕೆಲಸ. ಜೀಶಂಪ ಅಂತ ಎಲ್ಲರೂ ಕರೆಯುವ ಜೀ.ಶಂ. ಪರಮಶಿವಯ್ಯ ಮತ್ತು ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಇದಕ್ಕಾಗಿ ಊರೂರು ಸುತ್ತಿದರು.

ಅದು ಎಂಥ ಕಾಲ ಅನ್ನುವುದನ್ನು ನೆನಪಿಸಿಕೊಳ್ಳಬೇಕು. ಹಳ್ಳಿಗಳಿಗೆ ಹಿಟ್ಟಿನ ಗಿರಣಿ ಬರುತ್ತಿತ್ತು, ಅಕ್ಕಿ ಮಿಲ್ಲು ಬರುತ್ತಿತ್ತು. ಬೀಸುಕಲ್ಲು ಹಿತ್ತಲಿಗೆ ಹೋಯಿತು, ಒನಕೆ ಮೂಲೆ ಸೇರಿತು. ಅಲ್ಯೂಮಿನಿಯಂ, ಆಮೇಲೆ ಪ್ಲಾಸ್ಟಿಕ್ ಬಂದು ಮಡಕೆ ಕುಡಿಕೆಗಳನ್ನು ಅಟ್ಟಕ್ಕೆ ಕಳಿಸಿದವು. ಸೇರು, ಬಳ್ಳ, ಕೊಳಗಗಳ ಜಾಗಕ್ಕೆ ಕಿಲೋ, ಲೀಟರು. ಇನ್ನು ಹತ್ತು ವರ್ಷ ತಡವಾಗಿದ್ದರೆ ಎಷ್ಟೋ ಸಾಮಾನು ಒಲೆಗೆ ಹೋಗಿರುತ್ತಿತ್ತು. ಬಳಸುವವರಿಗೇ ಅದು ಬೇಡವಾಗಿದ್ದಾಗ, ಪೇಟೆಯಿಂದ ಯಾರೋ ಬಂದು ಹಳೇ ಮೊರ ಕೊಡಿ, ಹರಿದ ತೊಗಲುಗೊಂಬೆ ಕೊಡಿ ಅಂತ ಕೇಳಿದರೆ ಊರವರು ಏನಂದುಕೊಂಡಿರಬೇಡ! ಹೀಗೆ ಕೂಡಿಸಿದ ವಸ್ತುಗಳು ಇಂದು ಸಾವಿರಾರು.

ಒಳಗೆ ಹೋದರೆ ನೇಗಿಲು, ಕೂರಿಗೆಗಳ ಜೊತೆ ಅಡುಗೆಮನೆಯ ಸಾಮಾನು. ಮೂಡಲಪಾಯ, ಯಕ್ಷಗಾನದ ವೇಷ, ಕಿರೀಟ, ಭುಜಕೀರ್ತಿ. ಆಳೆತ್ತರದ ಬೊಂಬೆಗಳು. ತೊಗಲುಗೊಂಬೆಗಳು. ಮತ್ತೆ, ಸೋಮ.

ಸೋಮನನ್ನು ಬಯಲುಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ತುಮಕೂರು, ಹಾಸನ, ಮಂಡ್ಯದ ಕಡೆ ಊರ ಹಬ್ಬದಲ್ಲಿ ಗ್ರಾಮದೇವತೆಯ ಮುಂದೆ ಕುಣಿಯುವ ದೊಡ್ಡ ಮುಖವಾಡ. ಅಗಲ ಕಣ್ಣು, ಕೋರೆಹಲ್ಲು, ಗಾಢ ಬಣ್ಣ. ದೇವಿಯ ಬಂಟ, ಕಾವಲುಗಾರ. ಕೆಂಚ, ಕರಿಯ ಅಂತ ಬಣ್ಣಕ್ಕೆ ತಕ್ಕ ಹೆಸರು. ಅರೆವಾದ್ಯದ ಸದ್ದು ಇಲ್ಲದೆ, ಪೂಜೆ ಇಲ್ಲದೆ, ಹೊರುವವನ ಬೆವರಿಲ್ಲದೆ ಅವನು ಇಲ್ಲಿ ಸುಮ್ನೆ ನಿಂತಿರುತ್ತಾನೆ. ಜಾನಪದ ವಸ್ತುಸಂಗ್ರಹಾಲಯಗಳ ಮೇಲೆ ಇರುವ ಹಳೇ ದೂರು ಇದು. ಬದುಕಿದ್ದನ್ನು ತಂದು ಗಾಜಿನ ಹಿಂದೆ ನಿಲ್ಲಿಸಿದಿರಿ ಅಂತ. ದೂರಿನಲ್ಲಿ ಸತ್ಯ ಇದೆ. ಆದರೆ ನನಗೆ ಆ ಕೋಣೆಯಲ್ಲಿ ಅನ್ನಿಸುವುದು ಬೇರೆ. ಈ ಮನೆಯಲ್ಲಿ ಅರಸರು ಇದ್ದಾಗ ಸೋಮನನ್ನು ಹೊತ್ತ ಮನುಷ್ಯ ಮುಂಬಾಗಿಲಿನಿಂದ ಒಳಗೆ ಬಂದು ಇಲ್ಲಿಯವರೆಗೆ ತಲುಪಲು ಸಾಧ್ಯವಿತ್ತಾ? ದಸರೆಯಲ್ಲಿ ಬಂದು ಕುಣಿದು, ಇನಾಮು ತೆಗೆದುಕೊಂಡು ಅಂಗಳದಿಂದಲೇ ಹಿಂದಿರುಗುವುದು ಪದ್ಧತಿ. ಈಗ ಅವನೇ ಮನೆಯವನು. ನಾವು ಅವನನ್ನು ಕಾಣಲು ಬರುವವರು.

ಬಣ್ಣದ ಗಾಜಿನ ಮಾತು ನೆನಪಿದೆಯಾ? ತೊಗಲುಗೊಂಬೆಯ ಗುಣವೂ ಅದೇ. ಹದಮಾಡಿ ತೆಳ್ಳಗೆ ಮಾಡಿದ ತೊಗಲು, ಅದರಲ್ಲಿ ಉಳಿಯಿಂದ ಕೊರೆದ ಸಣ್ಣ ಸಣ್ಣ ತೂತು, ಬಣ್ಣ. ಎದುರಿನಿಂದ ಬೆಳಕು ಹಾಕಿದರೆ ಕಂದು ತೊಗಲು, ಅಷ್ಟೆ. ಹಿಂದೆ ದೀಪ ಹಿಡಿದರೆ ರಾವಣ ಎದ್ದು ಕೂರುತ್ತಾನೆ. ಒಂದೇ ಸೂರಿನಡಿ, ಅರಸರ ದುಡ್ಡಿನ ಗಾಜೂ ಗೊಂಬೆಯಾಡಿಸುವ ಕಿಳ್ಳೇಕ್ಯಾತರ ತೊಗಲೂ ಒಂದೇ ವಿದ್ಯೆಯನ್ನು ಮಾಡುತ್ತಿವೆ. ಕಟ್ಟಡ ಕಟ್ಟಿದವರಿಗೂ ಇದು ಗೊತ್ತಿರಲಿಲ್ಲ, ಗೊಂಬೆ ತಂದವರ ತಲೆಯಲ್ಲೂ ಬಹುಶಃ ಇರಲಿಲ್ಲ. ನಾನು ಅಲ್ಲಿನ ಕ್ಯೂರೇಟರ್ ಆಗಿದ್ದರೆ ಒಂದೇ ಒಂದು ಗೊಂಬೆಯನ್ನಾದರೂ ಕಿಟಕಿಗೆ ಅಡ್ಡಲಾಗಿ ನೇತುಹಾಕುತ್ತಿದ್ದೆ. ನೇರ ಬಿಸಿಲು ತೊಗಲಿಗೆ ಒಳ್ಳೆಯದಲ್ಲ ಅಂತ ತಿಳಿದವರು ಬೈಯುತ್ತಾರೆ. ಸರಿ, ಹಿಂದೆ ಒಂದು ಸಣ್ಣ ಬಲ್ಬಾದರೂ ಇರಲಿ.

ಇನ್ನೊಂದು ಅನುಕೂಲ ತಾನಾಗೇ ಒದಗಿದೆ. ವಸ್ತುಸಂಗ್ರಹಾಲಯಕ್ಕೆಂದೇ ಕಟ್ಟುವ ಹೊಸ ಕಟ್ಟಡಗಳಲ್ಲಿ ದೊಡ್ಡ ದೊಡ್ಡ ಹಾಲ್ ಇರುತ್ತವೆ. ಅಲ್ಲಿ ಒಂದು ಸೇರಿನ ಅಳತೆಪಾತ್ರೆ ಇಟ್ಟರೆ ಅದು ಕಳೆದುಹೋಗುತ್ತದೆ. ಮನೆ ಬಳಕೆಯ ವಸ್ತು ಮನೆಯಷ್ಟು ಅಳತೆಯ ಕೋಣೆಯಲ್ಲೇ ಚೆನ್ನ. ಇಲ್ಲಿ ಕೋಣೆಯಿಂದ ಕೋಣೆಗೆ ಹೋಗಬೇಕು, ಹೊಸಿಲು ದಾಟಬೇಕು. ಒಂದು ಕಡೆ ಒಕ್ಕಲುತನ, ಇನ್ನೊಂದು ಕಡೆ ಆಟ, ಮತ್ತೊಂದು ಕಡೆ ಆಚರಣೆ. ರಾಣಿವಾಸಕ್ಕೆ ಮಾಡಿದ ವಿಂಗಡಣೆ ಜಾನಪದಕ್ಕೂ ಹೊಂದಿತು.

ಈಗ ಬೇಸರದ ಭಾಗ. ಈ ಕಟ್ಟಡವನ್ನು ನೋಡಿಕೊಳ್ಳುವುದು ಕಷ್ಟ. ಯಾಕೆ ಅಂತ ಅದರ ಸಾಮಗ್ರಿಯ ಪಟ್ಟಿ ನೋಡಿದರೆ ತಿಳಿಯುತ್ತದೆ. ಕಲ್ಲು, ಇಟ್ಟಿಗೆ, ಮಣ್ಣಿನ ಗಾರೆ, ಸುಣ್ಣದ ಗಾರೆ, ಸಿಮೆಂಟು, ತೇಗ, ಎರಕದ ಕಬ್ಬಿಣ, ತಗಡು, ಗಾಜು, ಬಿಲ್ಲೆ, ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರುಮಾಡಿದ ಹೆಂಚು ನಲವತ್ತು ವರ್ಷದಲ್ಲಿ ಅರಮನೆಗಳ ತಲೆಯ ಮೇಲೂ ಕೂತಿತ್ತು. ಆ ಕಾಲದಲ್ಲಿ ಸಿಗುವ ಎಲ್ಲವನ್ನೂ ಈ ಮನೆಗೆ ಹಾಕಿದ್ದಾರೆ. ಒಂದೊಂದೂ ಬಿಸಿಲಿಗೆ, ನೀರಿಗೆ ಒಂದೊಂದು ರೀತಿ ಹಿಗ್ಗುತ್ತದೆ, ಕುಗ್ಗುತ್ತದೆ, ಕೊಳೆಯುತ್ತದೆ.

ಮುಖ್ಯ ತೊಂದರೆ ತಾರಸಿ. ಇಲ್ಲಿ ಬಳಸಿರುವುದು ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ಮರದ ತೊಲೆಗಳು. ಅವುಗಳ ಮೇಲೆ ತೆಳು ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಓರೆಯಾಗಿ ಸಾಲು ಕಟ್ಟುತ್ತಾರೆ. ನಡುವೆ ಸುಣ್ಣದ ಗಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಬೆರೆಸಿ ದಿನಗಟ್ಟಲೆ ಬಡಿದು ಗಟ್ಟಿಮಾಡಿದ ಪದರ. ಕೊನೆಗೆ ಚಪ್ಪಟೆ ಬಿಲ್ಲೆ. ಸರಿಯಾಗಿ ಮಾಡಿದರೆ ನೂರು ವರ್ಷ ಅಲ್ಲಾಡುವುದಿಲ್ಲ, ಒಳಗೆ ತಂಪು. ಆದರೆ ಅದಕ್ಕೆ ಒಂದೇ ಶತ್ರು: ನಿಂತ ನೀರು. ನೀರು ಹೋಗುವ ಕೊಳವೆಯಲ್ಲಿ ಎಲೆ ಕಟ್ಟಿಕೊಂಡರೆ ಸಾಕು. ನೀರು ಪದರದೊಳಗೆ ಇಳಿದು ಗೋಡೆಯೊಳಗೆ ಹೂತಿರುವ ತೊಲೆಯ ತುದಿಯನ್ನು ಸೇರುತ್ತದೆ. ತೊಲೆ ಕೊಳೆಯುವುದು ಅಲ್ಲಿಂದ, ಕಣ್ಣಿಗೆ ಕಾಣದ ಕಡೆ. ಕೆಳಗೆ ನಿಂತವರಿಗೆ ಚಾವಣಿಯಲ್ಲಿ ಒಂದು ಒದ್ದೆ ಕಲೆ ಮಾತ್ರ ಕಾಣುತ್ತದೆ.

ಆಮೇಲೆ ಯಾರೋ ಬಂದು ಮೇಲೆ ಸಿಮೆಂಟು ಬಳಿಯುತ್ತಾರೆ. ಹಳೇ ಕಟ್ಟಡಗಳ ವಿಷಯದಲ್ಲಿ ನಮ್ಮ ಊರುಗಳಲ್ಲಿ ಎಲ್ಲ ಕಡೆ ಆಗುವುದು ಇದೇ. ಸುಣ್ಣದ ಗಾರೆ ತೇವವನ್ನು ಹೀರಿ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಬಿಟ್ಟುಕೊಡುವುದಿಲ್ಲ. ಒಳಗಿನ ತೇವ ಒಳಗೇ ಉಳಿದು, ಮರವನ್ನು ಇನ್ನಷ್ಟು ಬೇಗ ತಿನ್ನುತ್ತದೆ. ರಿಪೇರಿಯೇ ರೋಗವಾಗುತ್ತದೆ. ಸುಣ್ಣವನ್ನು ವಾರಗಟ್ಟಲೆ ನೆನೆಹಾಕಿ, ಅರೆದು, ಹದ ಬಂತಾ ಅಂತ ನೋಡುವ ಗಾರೆಯವರು ಈಗ ಸಿಗುವುದು ಅಪರೂಪ. ಸಿಕ್ಕರೂ ಅವರ ಕೆಲಸ ನಿಧಾನ. ಟೆಂಡರಿಗೆ ನಿಧಾನ ಅನ್ನುವುದು ಆಗಿಬರುವುದಿಲ್ಲ.

ಮೊದಲ ದೊಡ್ಡ ದುರಸ್ತಿ ಆದದ್ದು 2002ರಿಂದ 2006ರ ನಡುವೆ. ಸುಧಾ ಮೂರ್ತಿಯವರ ಇನ್ಫೋಸಿಸ್ ಪ್ರತಿಷ್ಠಾನ 1.17 ಕೋಟಿ ರೂಪಾಯಿ ಕೊಟ್ಟಿತು. 1905ರ 7 ಲಕ್ಷದ ಮನೆ, 1959ರ 10 ಲಕ್ಷದ ವ್ಯವಹಾರ, ಆಮೇಲೆ ಕೋಟಿಯ ರಿಪೇರಿ. ಕಲ್ಯಾಣ ಮಂಟಪದ ಇಂದಿನ ಕಳೆಗೆ ಆ ಕೆಲಸದ ಋಣ ಇದೆ. ಆದರೆ 125 ಕೋಣೆಯ ಮನೆ ಒಂದು ಸಲದ ದುರಸ್ತಿಗೆ ಬಗ್ಗುವುದಿಲ್ಲ. ಒಂದು ಮೂಲೆ ಮುಗಿಯುವ ಹೊತ್ತಿಗೆ ಇನ್ನೊಂದು ಮೂಲೆ ಸೋರುತ್ತಿರುತ್ತದೆ. ಈಚಿನ ವರ್ಷಗಳಲ್ಲಿ ಮತ್ತೆ ದೊಡ್ಡ ದುರಸ್ತಿಯ ಮಾತು ಎದ್ದಿದೆ. ಒಳ್ಳೆಯದೇ. ನನ್ನ ಕೇಳಿದರೆ, ಕೋಟಿಗಳ ಯೋಜನೆಗಿಂತ ಮೊದಲು ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ತಾರಸಿ ಹತ್ತಿ ಎಲೆ ಗುಡಿಸುವ ಇಬ್ಬರು ಕಾಯಂ ಕೆಲಸಗಾರರು ಬೇಕು. ಅದಕ್ಕೆ ಉದ್ಘಾಟನೆ ಇಲ್ಲ, ಫಲಕ ಇಲ್ಲ, ಹಾಗಾಗಿ ಆಗುವುದೂ ಇಲ್ಲ, ಅಲ್ವಾ?

ದುರಸ್ತಿಯ ಮಾತು ಬಂದಾಗಲೆಲ್ಲ ಇನ್ನೊಂದು ಮಾತೂ ಮೆಲ್ಲಗೆ ತೂರಿಕೊಳ್ಳುತ್ತದೆ. ಇಷ್ಟು ಚಂದದ ಅರಮನೆಯಲ್ಲಿ ಮೊರ, ಪೊರಕೆ ಯಾಕೆ, ಅದನ್ನೆಲ್ಲ ಬೇರೆ ಕಡೆ ಸಾಗಿಸಿ ಇದನ್ನು ಮೊದಲಿನ ಹಾಗೆ ರಾಜಮನೆಯಾಗಿ ತೋರಿಸೋಣ, ಪ್ರವಾಸಿಗಳು ಬರುತ್ತಾರೆ ಅಂತ. ಇದಕ್ಕೆ ನನ್ನ ಪೂರ್ತಿ ವಿರೋಧ ಇದೆ. ಮೊದಲಿನ ಹಾಗೆ ಅಂದರೆ ಯಾವ ಮೊದಲು? ಅರಮನೆಗಿಂತ ಹೆಚ್ಚು ವರ್ಷ ಇದು ವಿಶ್ವವಿದ್ಯಾಲಯದ್ದಾಗಿದೆ. 1905ರಿಂದ 1959 ಅಂದರೆ 54 ವರ್ಷ. ಆಮೇಲಿನದು ಅದನ್ನು ಯಾವತ್ತೋ ದಾಟಿತು. ಗೋಡೆಗೆ ಸುಣ್ಣ ಹೊಡೆದು, ಕದಕ್ಕೆ ಎಣ್ಣೆ ಹಾಕಿ, ಗಾಜು ಒರೆಸಿ, ಎಲ್ಲ ಮಾಡಲಿ. ಸಾಗಿಸಿದ ವಸ್ತು ಮಾತ್ರ ಅದೇ ಕೋಣೆಗೆ ವಾಪಸ್ಸು ಬರಬೇಕು.

ಹಾಗೆ ವಾಪಸ್ಸು ಇಡುವಾಗ ಚೀಟಿಗಳನ್ನೂ ಹೊಸದಾಗಿ ಬರೆಯಲಿ. ಒನಕೆ ಅಂತ ಒನಕೆಯ ಪಕ್ಕ ಬರೆದರೆ ಕನ್ನಡದವರಿಗೆ ಏನು ಪ್ರಯೋಜನ? ಯಾವ ಊರಿನದು, ಯಾವ ಮರ, ಯಾರ ಮನೆಯಲ್ಲಿತ್ತು, ಯಾವ ವರ್ಷ ತಂದರು, ಅದನ್ನು ಹಿಡಿದು ಏನು ಹಾಡುತ್ತಿದ್ದರು. ಕನ್ನಡ ಎಂ.ಎ. ಮಕ್ಕಳಿಗೆ ಒಂದು ಸೆಮಿಸ್ಟರ್ ಪೂರ್ತಿ ಇದೇ ಕೆಲಸ ಕೊಡಬಹುದು. ಅವರ ಕ್ಲಾಸುಗಳಿರುವುದೂ ಅದೇ ಆವರಣದಲ್ಲಿ.